ಪೈಲಟ್‌ನ ಕೌಶಲಕ್ಕೆ ಮುಕ್ತಾಯವಿಲ್ಲ, ಲೈಸೆನ್ಸಿಗೆ ಇದೆ

ಗೋವೆಯಲ್ಲಿ ಪೈಲಟ್ ಎಂಬ ಮಾತು ಕಿವಿಗೆ ಬಿದ್ದರೆ ಯಾರೂ ಆಕಾಶದತ್ತ ನೋಡುವುದಿಲ್ಲ. ಬಸ್ ನಿಲ್ದಾಣಗಳ ಬಳಿ, ಮಾರುಕಟ್ಟೆಗಳ ತಿರುವಿನಲ್ಲಿ, ಹಳದಿ ಮಡ್‌ಗಾರ್ಡಿನ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಗಿರಾಕಿಗಾಗಿ ಕಾಯುವವರೇ ಇಲ್ಲಿನ ಪೈಲಟ್‌ಗಳು. ಸರ್ಕಾರದ ಮಾನ್ಯತೆಯೊಂದಿಗೆ ದಶಕಗಳಿಂದ ನಡೆದುಬಂದಿರುವ ವೃತ್ತಿಯಿದು. ಫೋಂಡಾದಿಂದ ಕುಂಡಯಿ, ಬೆತೋಡಾಗಳ ಕೈಗಾರಿಕಾ ವಸಾಹತುಗಳಿಗೆ ಹೋಗುವ ಕಾರ್ಮಿಕನಿಗೂ, ಮಂಗೇಶಿ ಮತ್ತು ಕವಳೆಯ ದೇವಾಲಯಗಳಿಗೆ ಬರುವ ಯಾತ್ರಿಕನಿಗೂ ಬಸ್ಸು ತಪ್ಪಿದಾಗ ನೆನಪಾಗುವವರು ಇವರೇ. ಇವರಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ. ಅವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿರುತ್ತಾರೆ.

ಅಂಥ ಒಬ್ಬ ಪಾಲಕರು ಕೆಲವು ವಾರಗಳ ಹಿಂದೆ ಶಾಲೆ ಬಿಡುವ ಹೊತ್ತಿಗೆ ಬಂದು ತಮ್ಮ ಚಾಲನಾ ಪರವಾನಗಿಯನ್ನು ನನ್ನ ಮೇಜಿನ ಮೇಲಿಟ್ಟರು. ಸುಮಾರು ಇಪ್ಪತ್ತು ವರ್ಷಗಳಿಂದ ಈ ಘಟ್ಟದಂಚಿನ ರಸ್ತೆಗಳಲ್ಲಿ, ಮಳೆಗಾಲದ ಕತ್ತಲಲ್ಲೂ, ಪ್ರಯಾಣಿಕರನ್ನು ಸುರಕ್ಷಿತವಾಗಿ ತಲುಪಿಸಿದವರು ಅವರು. ಲೈಸೆನ್ಸಿನ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ನವೀಕರಿಸಲು ಹೋದಾಗ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕೆಂದು ತಿಳಿಸಲಾಗಿತ್ತು. "ಗಾಡಿ ಹೊಡಿಯೂದು ನಾ ಮರ್ತೇನೇನ್ರಿ ಸರ್?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಒಡನೆಯೇ ಉತ್ತರವಿರಲಿಲ್ಲ. ಕಾನೂನನ್ನು ತೆರೆದು ಓದಿದ ಮೇಲೆ ದೊರೆತ ಉತ್ತರವನ್ನು ಎಲ್ಲ ಪಾಲಕರ ಮುಂದಿಡುವುದು ಈ ಬರಹದ ಉದ್ದೇಶ.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ದಂಡದ ಮೊತ್ತ ಏರಿದ ಸಂಗತಿ ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು. ಲೈಸೆನ್ಸ್ ನವೀಕರಣದ ನಿಯಮಗಳೂ ಅದೇ ತಿದ್ದುಪಡಿಯಲ್ಲಿ ಬದಲಾದವು. ಬಾಡಿಗೆಗೆ ಓಡುವ ಸಾರಿಗೆ ವಾಹನಗಳ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಲು ಅವಕಾಶ ದೊರೆಯಿತು. ಸಾರಿಗೆ ವಾಹನ ಚಾಲಕರು ಎಂಟನೆಯ ತರಗತಿ ತೇರ್ಗಡೆಯಾಗಿರಲೇಬೇಕೆಂಬ ನಿಯಮವೂ ಅದೇ ವರ್ಷ ರದ್ದಾಯಿತು. ಇವು ದುಡಿಯುವ ಮನುಷ್ಯನಿಗೆ ಕಾನೂನು ಕೊಟ್ಟ ಅನುಕೂಲಗಳು.

ಅದೇ ತಿದ್ದುಪಡಿ ಎರಡು ಅನುಕೂಲಗಳನ್ನು ಹಿಂತೆಗೆದುಕೊಂಡಿತು. ಹಿಂದೆ ಲೈಸೆನ್ಸಿನ ಅವಧಿ ಮುಗಿದರೂ ಮೂವತ್ತು ದಿನಗಳ ಕಾಲ ಅದು ಊರ್ಜಿತವಾಗಿರುತ್ತಿತ್ತು. ಈಗ ಆ ವಿನಾಯಿತಿ ಇಲ್ಲ. ಹಿಂದೆ ಅವಧಿ ಮುಗಿದು ಐದು ವರ್ಷ ಕಳೆದ ಮೇಲೆ ಮಾತ್ರ ಮರುಪರೀಕ್ಷೆ ಕೊಡಬೇಕಾಗಿತ್ತು. ಈಗ ಒಂದೇ ವರ್ಷ ಕಳೆದರೆ ಸಾಕು, ಪರೀಕ್ಷೆಯಲ್ಲಿ ಉತ್ತೀರ್ಣರಾಗದೆ ನವೀಕರಣವಿಲ್ಲ. ನಮ್ಮ ಪಾಲಕರ ಮನಸ್ಸಿನಲ್ಲಿ ಉಳಿದಿದ್ದುದು ಹಳೆಯ ಐದು ವರ್ಷದ ಲೆಕ್ಕ. ಎರಡು ತಿಂಗಳು ಮೊದಲೇ ಬಂದಿದ್ದರೆ ವೈದ್ಯರ ಪ್ರಮಾಣಪತ್ರ, ಅರ್ಜಿ ಮತ್ತು ಶುಲ್ಕದೊಂದಿಗೆ ಕೆಲಸ ಮುಗಿಯುತ್ತಿತ್ತು.

ಅವರು ತಡಮಾಡಿದ್ದೇಕೆ? ಕಾರ್ಡಿನ ಮೇಲೆ ಎರಡು ದಿನಾಂಕಗಳಿದ್ದವು. ಸ್ವಂತ ವಾಹನಕ್ಕೆ ಸಂಬಂಧಿಸಿದ ಅವಧಿ ಒಂದು, ಸಾರಿಗೆ ವಾಹನದ ಅವಧಿ ಇನ್ನೊಂದು. ಮೊದಲನೆಯದು ಇನ್ನೂ ಹಲವು ವರ್ಷ ದೂರವಿತ್ತು. ಅದನ್ನೇ ನೋಡಿ ಅವರು ನಿಶ್ಚಿಂತರಾಗಿದ್ದರು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾದ ಆ ವ್ಯತ್ಯಾಸವನ್ನು ಯಾರೂ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿರಲಿಲ್ಲ. ಕೊರೋನಾ ಕಾಲದ ನೆನಪೂ ಸೇರಿಕೊಂಡಿತ್ತು. 2020ರ ಫೆಬ್ರವರಿ 1ರಿಂದ ಅವಧಿ ಮುಗಿದ ವಾಹನ ದಾಖಲೆಗಳನ್ನು ಕೇಂದ್ರ ಸಾರಿಗೆ ಸಚಿವಾಲಯವು ಹಂತಹಂತವಾಗಿ 2021ರ ಅಕ್ಟೋಬರ್ 31ರವರೆಗೆ ಊರ್ಜಿತವೆಂದು ಪರಿಗಣಿಸಲು ಸೂಚಿಸಿತ್ತು. ದಾಖಲೆಯ ಗಡುವು ತಾನಾಗಿಯೇ ಮುಂದೆ ಹೋಗುತ್ತದೆ ಎಂಬ ಭಾವನೆ ಅಂದಿನಿಂದ ಹಲವರಲ್ಲಿ ಉಳಿದುಬಿಟ್ಟಿದೆ.

ಇಲ್ಲಿ ಆಕಾಶದ ಪೈಲಟ್‌ನ ಹೋಲಿಕೆ ಅಪ್ರಸ್ತುತವಾಗದು. ದಾಬೋಲಿ ಅಥವಾ ಮೋಪಾ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ವಿಮಾನದ ಪೈಲಟ್ ನಿಗದಿತ ಕಾಲಕ್ಕೆ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು, ಪ್ರಯಾಣಿಕರನ್ನು ಒಯ್ಯಲು ಇತ್ತೀಚಿನ ಹಾರಾಟದ ಅನುಭವ ತೋರಿಸಬೇಕು. ಎಷ್ಟೇ ಸಾವಿರ ಗಂಟೆ ಹಾರಿದವನಾದರೂ ಅವನಿಗೆ ವಿನಾಯಿತಿಯಿಲ್ಲ. ಆದರೆ ಅವನ ದಾಖಲೆಗಳ ದಿನಾಂಕಗಳ ಮೇಲೆ ವಿಮಾನಯಾನ ಸಂಸ್ಥೆಯೂ ಕಣ್ಣಿಟ್ಟಿರುತ್ತದೆ. ಹಳದಿ ಮಡ್‌ಗಾರ್ಡಿನ ಪೈಲಟ್‌ಗೆ ಅಂಥ ಸಂಸ್ಥೆಯಿಲ್ಲ. ಅವನೇ ಚಾಲಕ, ಅವನೇ ಮಾಲೀಕ, ಅವನೇ ಗುಮಾಸ್ತ. ಆದ್ದರಿಂದ ನಿಯಮ ಕಠಿಣವಾಗಿದೆ ಎಂಬುದು ನನ್ನ ಆಕ್ಷೇಪವಲ್ಲ. ಕಣ್ಣಿನ ದೃಷ್ಟಿ, ದೇಹದ ಆರೋಗ್ಯ ಆಗಾಗ ಪರೀಕ್ಷೆಗೊಳಗಾಗುವುದು ಹಿಂದೆ ಕುಳಿತವನ ಜೀವದ ಹಿತಕ್ಕಾಗಿಯೇ. ನಿಯಮ ಬದಲಾದ ಸುದ್ದಿ, ಬದಲಾವಣೆಗೆ ಒಳಗಾಗುವವನ ಭಾಷೆಯಲ್ಲಿ ಅವನನ್ನು ತಲುಪಲಿಲ್ಲ ಎಂಬುದೇ ಆಕ್ಷೇಪ.

ಲೈಸೆನ್ಸ್ ಇಲ್ಲದೆ ಓಡಿಸಿದರೆ ಏನಾದೀತು ಎಂಬುದನ್ನೂ ತಿಳಿದಿರಬೇಕು. ತಿದ್ದುಪಡಿಯಾದ ಕಾಯ್ದೆಯ ಪ್ರಕಾರ 5,000 ರೂಪಾಯಿ ದಂಡ. ಹಿಂದೆ ಇದು ಗರಿಷ್ಠ 500 ರೂಪಾಯಿ ಇತ್ತು. ದಂಡಕ್ಕಿಂತ ದೊಡ್ಡ ಅಪಾಯ ಅಪಘಾತದ ವಿಮೆಯದು. ಹಿಮಾಚಲ ಪ್ರದೇಶದ ಬೇಲಿ ರಾಮ್ ಪ್ರಕರಣದಲ್ಲಿ ಅವಧಿ ಮುಗಿದು ಮೂರು ವರ್ಷವಾಗುತ್ತಿದ್ದರೂ ನವೀಕರಣವಾಗದ ಲೈಸೆನ್ಸಿನ ಲಾರಿ ಚಾಲಕ ಅಪಘಾತದಲ್ಲಿ ಗಾಯಗೊಂಡಿದ್ದ. ಚಾಲಕನ ಲೈಸೆನ್ಸ್ ನವೀಕರಣವಾಗಿದೆಯೇ ಎಂದು ನೋಡುವುದು ಮಾಲೀಕನ ಹೊಣೆ, ಪರಿಹಾರವನ್ನು ವಿಮಾ ಕಂಪನಿಯ ಮೇಲೆ ಹೊರಿಸಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿತು. ಚಾಲಕನೂ ಮಾಲೀಕನೂ ಒಬ್ಬನೇ ಆಗಿರುವ ನಮ್ಮ ಪೈಲಟ್‌ನ ಸ್ಥಿತಿಯನ್ನು ಊಹಿಸಿಕೊಳ್ಳಿ. ಅರ್ಜಿ ಹಾಕಲು ಒಂದು ವರ್ಷದ ಕಾಲಾವಕಾಶವಿದೆ ಎಂದರೆ ಆ ವರ್ಷವಿಡೀ ಓಡಿಸಬಹುದು ಎಂದು ಅರ್ಥವಲ್ಲ. ಅವಧಿ ಮುಗಿದ ದಿನದಿಂದ ನವೀಕರಣವಾಗುವ ದಿನದವರೆಗೆ ಬಾಡಿಗೆ ಓಡಿಸುವಂತಿಲ್ಲ.

ಇನ್ನೊಂದು ತೊಡಕು ನಮ್ಮ ಶಾಲೆಗಳವರೆಗೂ ಬರುತ್ತದೆ. ಈ ಪಾಲಕರ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಲೈಸೆನ್ಸಿನಲ್ಲಿ ಇನ್ನೊಂದು ರೀತಿ ಇತ್ತು. ಯಲ್ಲಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ವೈ ಅಕ್ಷರದ ಮುಂದೆ ಎ ಬರೆಯುತ್ತಾರೆ, ಮತ್ತೊಬ್ಬರು ಇ ಬರೆಯುತ್ತಾರೆ. ಹನುಮಂತ ಒಂದು ಕಡೆ ಹಣಮಂತನಾಗುತ್ತಾನೆ. ತಂದೆಯ ಹೆಸರು ಅಡ್ಡಹೆಸರಿನ ಸ್ಥಾನಕ್ಕೆ ಬಂದು ಕೂರುತ್ತದೆ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷಿಗೂ ದೇವನಾಗರಿಗೂ ದಾಟುವಾಗ ಇಬ್ಬರು ಮನುಷ್ಯರದಾಗಿಬಿಡುತ್ತದೆ. ಗಣಕಯಂತ್ರಕ್ಕೆ ಈ ಸೂಕ್ಷ್ಮ ತಿಳಿಯದು. ಮನುಷ್ಯನ ಹೆಸರು ಮೊದಲ ಬಾರಿಗೆ ಕಾಗದಕ್ಕೆ ಇಳಿಯುವ ಸ್ಥಳ ಎಷ್ಟೋ ಸಲ ಶಾಲೆಯ ದಾಖಲಾತಿ ಪುಸ್ತಕವೇ. ಅಲ್ಲಿ ನಾವು ಶಿಕ್ಷಕರು ಅವಸರದಲ್ಲಿ ಬರೆದ ಒಂದು ಅಕ್ಷರ ಮೂವತ್ತು ವರ್ಷಗಳ ನಂತರ ಒಂದು ಕುಟುಂಬದ ದುಡಿಮೆಯನ್ನು ತಡೆಯಬಲ್ಲದು. ಈ ಹೊಣೆಯನ್ನು ನಾನು ನನ್ನ ವೃತ್ತಿಯ ಮೇಲೂ ಹೊರಿಸುತ್ತೇನೆ.

ಹಾಗಾದರೆ ನಾವು ಏನನ್ನು ಕೇಳಬೇಕು? ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಕಾಸರಗೋಡಿನ ಕನ್ನಡಿಗರಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. 1987ರ ಗೋವಾ ರಾಜಭಾಷಾ ಕಾಯ್ದೆಯಲ್ಲಿ ಕೊಂಕಣಿಗೂ ಮರಾಠಿಗೂ ಸ್ಥಾನವಿದೆ, ಕನ್ನಡಕ್ಕಿಲ್ಲ. 1956ರ ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಸೂತ್ರಗಳು ಸರ್ಕಾರಿ ಸೂಚನೆಗಳ ಅನುವಾದಕ್ಕೆ ಒಂದು ಪ್ರದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತರ ಪ್ರಮಾಣವನ್ನು ಹೇಳಿದ್ದವು. 2011ರ ಜನಗಣತಿಯಂತೆ ಇಡೀ ಗೋವೆಯಲ್ಲಿ ಕನ್ನಡ ಮಾತೃಭಾಷಿಕರು ನೂರಕ್ಕೆ ಐದರ ಒಳಗಿದ್ದಾರೆ. ಆದ್ದರಿಂದ ಇದನ್ನು ಹಕ್ಕೊತ್ತಾಯವಾಗಿ ಅಲ್ಲ, ನ್ಯಾಯಸಮ್ಮತವಾದ ಬೇಡಿಕೆಯಾಗಿ ಮಂಡಿಸೋಣ. ನವೀಕರಣದ ನಿಯಮಗಳನ್ನು ತಿಳಿಸುವ ಒಂದು ಪುಟದ ಕನ್ನಡ ಸೂಚನೆಯನ್ನು ಕಚೇರಿಯ ಗೋಡೆಗೆ ಅಂಟಿಸುವುದರಿಂದ ಕೊಂಕಣಿಯ ಗೌರವಕ್ಕೆ ಯಾವ ಕುಂದೂ ಬಾರದು. ಇಲ್ಲಿನ ಭಾಷೆಯನ್ನು ಗೌರವದಿಂದ ಕಲಿಯುವ ಕರ್ತವ್ಯ ನಮ್ಮದೂ ಹೌದು.

ಸರ್ಕಾರದ ಸೂಚನೆ ಬರುವವರೆಗೆ ಕಾಯಬೇಕಾಗಿಲ್ಲ. ಇಂದು ರಾತ್ರಿಯೇ ಮನೆಯಲ್ಲಿನ ಲೈಸೆನ್ಸನ್ನು ಮಕ್ಕಳ ಕೈಗೆ ಕೊಟ್ಟು ಎರಡೂ ದಿನಾಂಕಗಳನ್ನು ಓದಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಅರ್ಜಿಯನ್ನು ಒಂದು ವರ್ಷ ಮೊದಲೇ ಸಲ್ಲಿಸಬಹುದು ಎಂಬುದನ್ನು ನೆನಪಿಡಿ. ವಿಜಯಪುರದಲ್ಲೋ ಗದಗಿನಲ್ಲೋ ಪಡೆದ ಲೈಸೆನ್ಸಾದರೂ ಕಾಯ್ದೆಯ ಪ್ರಕಾರ ದೇಶದ ಯಾವುದೇ ಪರವಾನಗಿ ಪ್ರಾಧಿಕಾರ ಅದನ್ನು ನವೀಕರಿಸಬಹುದು. ಹಳೆಯ ಪುಸ್ತಕ ರೂಪದ ಲೈಸೆನ್ಸಾಗಿದ್ದರೆ ಅದರ ವಿವರ ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ದಾಖಲಾಗಿದೆಯೇ ಎಂದು ಊರಿಗೆ ಹೋದಾಗ ವಿಚಾರಿಸಿ. ಆಧಾರ್, ಲೈಸೆನ್ಸ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರಗಳನ್ನು ಹೋಲಿಸಿ ನೋಡಿ. ಅರ್ಜಿ ತುಂಬಲು ನೆರವು ಬೇಕಾದವರಿಗಾಗಿ ಪ್ರತಿ ಕನ್ನಡ ಶಾಲೆಯೂ ತಿಂಗಳಿಗೊಂದು ಶನಿವಾರದ ಸಂಜೆಯನ್ನು ಮೀಸಲಿಡಲಿ.

ಆ ಪಾಲಕರು ಈಗ ಪರೀಕ್ಷೆಯ ದಿನಕ್ಕಾಗಿ ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಕಾರ್ಖಾನೆಯೊಂದರಲ್ಲಿ ದಿನಗೂಲಿಯ ಕೆಲಸ. ಮೋಟಾರ್ ಸೈಕಲ್ ಮನೆಯ ಮುಂದೆ ನಿಂತಿದೆ. ಏಳನೆಯ ತರಗತಿಯಲ್ಲಿರುವ ಅವರ ಮಗಳು ಸಂಚಾರ ಚಿಹ್ನೆಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ಪ್ರತಿದಿನ ಸಂಜೆ ಅಪ್ಪನಿಗೆ ಪ್ರಶ್ನೆ ಕೇಳುತ್ತಿದ್ದಾಳೆ. ಅಪ್ಪ ತಪ್ಪು ಹೇಳಿದ್ದು ಕಡಿಮೆ ಎಂದು ಅವಳೇ ನನಗೆ ವರದಿ ಕೊಟ್ಟಳು.