ಕರಟದ ಇದ್ದಿಲೂ ನೆರೆಮನೆಯ ಮೂಗೂ

ಕಂಪು, ಪರಿಮಳ, ಘಮ, ನಾತ, ಗಬ್ಬು: ವಾಸನೆಗೆ ನಮ್ಮ ನುಡಿಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಯಾವ ಹೆಸರು ಸಲ್ಲುವುದೆಂಬುದನ್ನು ನಿರ್ಧರಿಸುವುದು ವಸ್ತುವಲ್ಲ, ಮೂಗು. ಬೆಳೆದವನಿಗೆ ಕಂಪಾದುದು ಪಕ್ಕದ ಮನೆಯವನಿಗೆ ನಾತವಾಗಬಹುದು. ಕೆನಡಾದ ನಗರಗಳಲ್ಲಿ ಈ ಭೇದವೇ ನೆರೆಹೊರೆಯ ವ್ಯಾಜ್ಯಗಳಿಗೆ ಕಾರಣವಾಗಿದೆ.

2018ರ ಅಕ್ಟೋಬರ್ 17ರಂದು ಅಲ್ಲಿ ಜಾರಿಗೆ ಬಂದ ಕಾಯಿದೆಯು, ಪ್ರಾಂತದ ನಿಷೇಧವಿಲ್ಲದೆಡೆ, ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡಗಳನ್ನು ಬೆಳೆಯಲು ವಯಸ್ಕರಿಗೆ ಅನುಮತಿಯಿತ್ತಿತು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು 1985ರ ಕಾಯಿದೆಯಂತೆ ಅಪರಾಧವೆಂಬುದನ್ನು ವಾಚಕರು ಬಲ್ಲರು. ಹಿಮದ ನಾಡಾದುದರಿಂದ ಅಲ್ಲಿ ಎಷ್ಟೋ ಗಿಡಗಳು ಕೋಣೆಯೊಳಗೆ ವಿದ್ಯುದ್ದೀಪಗಳ ಕೆಳಗೆ ಬೆಳೆಯುತ್ತವೆ. ಹೂ ಬಿಡುವ ಕಾಲಕ್ಕೆ ಅವುಗಳ ಕಟುವಾಸನೆ ಗೋಡೆಯಾಚೆಗೂ ಹರಡುತ್ತದೆ. ಇದಕ್ಕೆ ಪರಿಹಾರವೇ ಇಂಗಾಲದ ಶೋಧಕ, ಬಳಕೆಯ ಮಾತಿನಲ್ಲಿ ಕಾರ್ಬನ್ ಫಿಲ್ಟರ್.

ಇದರೊಳಗಿನ ಕರಿಯ ಹರಳು ನಮಗೆ ಅಪರಿಚಿತವಲ್ಲ. ಅದರ ಉತ್ತಮ ಬಗೆಗಳಲ್ಲೊಂದು ತೆಂಗಿನ ಕರಟದಿಂದ ತಯಾರಾಗುತ್ತದೆ. ಕರಟವನ್ನು ಇದ್ದಿಲಾಗಿಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ ಅದರಲ್ಲಿ ಅಸಂಖ್ಯಾತ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಇಂತಹ ಇದ್ದಿಲಿನ ಒಂದೇ ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರು. ಅಂದರೆ ಬೆಂಗಳೂರಿನ 30-40ರ ಒಂಬತ್ತು ನಿವೇಶನಗಳಷ್ಟು! ವಾಸನೆಯ ಅಣುಗಳು ಆ ಒಳಮೈಗೆ ಅಂಟಿಕೊಂಡು ನಿಲ್ಲುತ್ತವೆ. ಇದ್ದಿಲು ಅನಿಲಗಳನ್ನು ಹೀರುವುದೆಂದು ಸ್ವೀಡನ್ನಿನ ಷೀಲೆ 1773ರಲ್ಲಿಯೇ ಕಂಡಿದ್ದನು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿಯೂ ಇಂತಹ ಇದ್ದಿಲೇ ಇದ್ದಿತು. ಅದಕ್ಕಾಗಿ 1918ರಲ್ಲಿ ಅಮೆರಿಕದ ಗೃಹಿಣಿಯರು ಪೀಚ್ ಹಣ್ಣಿನ ಓಟೆಗಳನ್ನು ಕೂಡಿಟ್ಟು ಸರ್ಕಾರಕ್ಕೆ ಒಪ್ಪಿಸಿದರು.

ಇನ್ನು ಆಯ್ಕೆಯ ಮಾತು. ಮೊದಲು ಕೋಣೆಯನ್ನು ಅಳೆಯಬೇಕು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಕೋಣೆಯಲ್ಲಿ 10 ಘನ ಮೀಟರು ಗಾಳಿಯಿರುತ್ತದೆ. ಅದನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಬೇಕಾದರೆ ಗಂಟೆಗೆ 300 ಘನ ಮೀಟರು ಗಾಳಿಯನ್ನು ಎಳೆಯುವ ಫ್ಯಾನು ಬೇಕು. ಫಿಲ್ಟರಿನ ಶಕ್ತಿ ಫ್ಯಾನಿನದಕ್ಕಿಂತ ತುಸು ಹೆಚ್ಚಾಗಿರಲಿ, ಎಂದಿಗೂ ಕಡಮೆಯಾಗಬಾರದು. ಗಾಳಿ ಓಡಿದರೆ ಇದ್ದಿಲಿಗೆ ಹಿಡಿಯಲು ವ್ಯವಧಾನವೆಲ್ಲಿ? ಒಂದೇ ಶಕ್ತಿಯನ್ನು ಸಾರುವ ಎರಡು ಫಿಲ್ಟರುಗಳಲ್ಲಿ ಹಗುರವಾದುದನ್ನು ಶಂಕೆಯಿಂದ ನೋಡುವುದು ಲೇಸು. ಇದ್ದಿಲಿನ ಪದರ ತೆಳುವಾದಷ್ಟೂ ಆಯುಸ್ಸು ಕಡಮೆ. ಧೂಳನ್ನು ತಡೆಯುವ ಹೊರಬಟ್ಟೆಯೂ ಇರಬೇಕು. ತೇವಾಂಶ ಶೇಕಡ 70ನ್ನು ಮೀರಿದರೆ ನೀರಾವಿಯೇ ರಂಧ್ರಗಳಲ್ಲಿ ಮನೆಮಾಡಿ ವಾಸನೆಗೆ ಎಡೆಯಿಲ್ಲದಂತೆ ಮಾಡುತ್ತದೆ.

ದೂರದ ನಾಡಿನ ಈ ಚಿಂತೆ ನಮಗೇಕೆಂದು ಕೇಳಬಹುದು. ಹೊರಕ್ಕೆ ಕೊಳವೆಯಿಲ್ಲದ ಅಡುಗೆಮನೆಯ ಚಿಮಣಿಯಲ್ಲಿಯೂ ಇದೇ ಇದ್ದಿಲು ದುಡಿಯುತ್ತದೆ. ಮೀನು ಹುರಿಯುವ ಮನೆಯೂ, ಅದರ ವಾಸನೆಯನ್ನೊಲ್ಲದ ಮನೆಯೂ ಒಂದೇ ಗೋಡೆಯನ್ನು ಹಂಚಿಕೊಂಡಿರುವ ಕಾಲವಿದು. ರಂಧ್ರಗಳು ತುಂಬಿದ ಬಳಿಕ ಇದ್ದಿಲು ಸದ್ದಿಲ್ಲದೆ ಸೋಲುತ್ತದೆ. ಆ ಸೋಲು ಮನೆಯವರಿಗೆ ತಿಳಿಯುವುದಿಲ್ಲ. ಏಕೆಂದರೆ ಸದಾ ಅದೇ ವಾಸನೆಯಲ್ಲಿರುವ ಮೂಗು ಕೆಲಕಾಲದಲ್ಲಿಯೇ ಅದಕ್ಕೆ ಒಗ್ಗಿಹೋಗುತ್ತದೆ. ಆದುದರಿಂದ ಫಿಲ್ಟರನ್ನು ಕೊಂಡವರು ಅದರ ಪರೀಕ್ಷೆಯನ್ನು ತಮ್ಮ ಮೂಗಿಗೆ ಬಿಡಲಾಗದು. ಆಗಾಗ್ಗೆ ಪಕ್ಕದ ಮನೆಯ ಕದ ತಟ್ಟಿ, "ನಿಮಗೇನಾದರೂ ತೊಂದರೆಯಾಗುತ್ತಿದೆಯೇ?" ಎಂದು ವಿಚಾರಿಸಬೇಕು. ಹಾಗೆ ಕೇಳುವ ಸೌಜನ್ಯವನ್ನು ಯಾವ ಅಂಗಡಿಯೂ ಫಿಲ್ಟರಿನೊಡನೆ ಕಟ್ಟಿಕೊಡಲಾರದು.