ಮೊಟ್ಟೆ ತಿನ್ನುವ ಮಗುವಿನ ಫೋಟೊ ಯಾರಿಗೆ?

ಸರ್ಕಾರಿ ಶಾಲೆಯ ಮೇಷ್ಟ್ರ ಮೊಬೈಲನ್ನು ಒಮ್ಮೆ ಇಸಿದುಕೊಂಡು ನೋಡಿ. ಬಿಸಿಯೂಟ ಉಂಡವರ ಲೆಕ್ಕ, ಹಾಲು ಕುಡಿದವರ ಲೆಕ್ಕ, ಸಿಆರ್‌ಪಿಯ ವಾಟ್ಸ್ಆ್ಯಪ್ ಗುಂಪು, ಬಿಇಒ ಕಚೇರಿಯ ಗುಂಪು, ಮತದಾರರ ಪಟ್ಟಿಯ ಗುಂಪು. ‘ತುರ್ತು’, ‘ಅತಿ ತುರ್ತು’, ‘ಇಂದು ಸಂಜೆಯೊಳಗೆ ತಪ್ಪದೇ’. ಮಗು ಮೊಟ್ಟೆಯನ್ನು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಫೋಟೊ ಹೊಡೆದು ಮೇಲಕ್ಕೆ ಕಳಿಸಬೇಕು. ಭಾಗಾಕಾರ ಅರ್ಧಕ್ಕೆ ನಿಂತರೆ ಯಾರೂ ಕೇಳುವುದಿಲ್ಲ. ಫೋಟೊ ತಡವಾದರೆ ಫೋನು ಬರುತ್ತದೆ. ಇಲಾಖೆಯ ಅಧಿಕಾರಿಗಳೇ, ಇದಕ್ಕೆ ‘ಡಿಜಿಟಲ್ ಶಿಕ್ಷಣ’ ಎಂದು ಹೆಸರಿಟ್ಟು ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುತ್ತಿದ್ದೀರಿ. ನಾಚಿಕೆಯಾಗುವುದಿಲ್ಲವೇ?

ಮೊಬೈಲು ನಮ್ಮ ತರಗತಿಗೆ ಪಾಠ ಹೇಳಲು ಬರಲಿಲ್ಲ, ಕಾವಲು ಕಾಯಲು ಬಂತು. ನನ್ನ ಸಿಟ್ಟೆಲ್ಲ ಇದರ ಮೇಲೆಯೇ.

ಕೊರೊನಾ ಕಾಲವನ್ನು ಮರೆತವರಿಗೆ ನೆನಪಿಸುತ್ತೇನೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದಿತು. ಖಾಸಗಿ ಶಾಲೆಯ ಪಾಲಕರು ಹೈಕೋರ್ಟಿನ ಮೆಟ್ಟಿಲು ಹತ್ತಿದರು, ಜುಲೈನಲ್ಲಿ ಆದೇಶಕ್ಕೆ ತಡೆ ಬಿತ್ತು. ಅವರ ಮಕ್ಕಳಿಗೂ ಕಲಿಯುವ ಹಕ್ಕಿದೆ, ತಕರಾರಿಲ್ಲ. ಆದರೆ ತಾಂಡಾದ, ಕೇರಿಯ ಮಕ್ಕಳ ಪರವಾಗಿ ಯಾವ ವಕೀಲ ಕರಿಕೋಟು ತೊಟ್ಟ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಇದ್ದದ್ದು ನೂರಕ್ಕೆ 15 ಮನೆಗಳಲ್ಲಿ. ಕಂಪ್ಯೂಟರ್ ಐದು ಮನೆಗಳಲ್ಲೂ ಇರಲಿಲ್ಲ. ಲೆಕ್ಕ ಎದುರಿಗಿದ್ದೂ ‘ಮಕ್ಕಳೆಲ್ಲ ಮನೆಯಲ್ಲೇ ಕಲಿಯುತ್ತಿದ್ದಾರೆ’ ಎಂದು ಹೇಳುವ ಧೈರ್ಯ ಎಲ್ಲಿಂದ ಬಂತು? ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋಗಿದೆ. ರಾತ್ರಿ ಬಂದ ಮೇಲೆ ಮೊದಲು ಮಗನ ಕೈಗೆ. ಮಗಳ ಸರದಿ ಬರುವಷ್ಟರಲ್ಲಿ ಡೇಟಾ ಖಾಲಿ, ಇಲ್ಲವೇ ‘ಹೆಣ್ಣುಮಗೀಗ್ಯಾಕೆ ಫೋನು’ ಎಂಬ ಗದರಿಕೆ.

ಆಗ ಅರಳಿಕಟ್ಟೆಯ ಮೇಲೆ, ಗುಡಿಯ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದವರು ಇದೇ ಮೇಷ್ಟ್ರುಗಳು, ಇದೇ ಟೀಚರಮ್ಮಂದಿರು. ಅದೇ ಸರ್ಕಾರದ ‘ವಿದ್ಯಾಗಮ’ ಯೋಜನೆ. ಸೋಂಕಿನ ಭಯ, ಶಿಕ್ಷಕರ ಸಾವಿನ ಕೂಗು ಎದ್ದು ಅಕ್ಟೋಬರಿನಲ್ಲಿ ಅದು ನಿಂತಿತು. ಜೀವ ಒತ್ತೆಯಿಟ್ಟವರಿಗೆ ಸಿಕ್ಕಿದ್ದೇನು? ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪಿನಲ್ಲಿ ‘ನಿಷ್ಠಾ’ ಎಂಬ ಶಿಕ್ಷಕರ ತರಬೇತಿ. ವಿಡಿಯೊ ಓಡಿಸಿ, ಒತ್ತಿ, ಪ್ರಮಾಣಪತ್ರ ಇಳಿಸಿಕೊಂಡು ಅದನ್ನೂ ಗುಂಪಿಗೆ ಹಾಕಬೇಕು. ಪಾಪ, ವಿಡಿಯೊ ಒಂದು ಕಡೆ ತಾನಾಗಿ ಓಡುತ್ತಿರುವಾಗ ಆ ಟೀಚರಮ್ಮ ಇನ್ನೊಂದು ಕಡೆ ಬೇಳೆ ಬೇಯಿಸಿದ್ದರೆ ನಾನಂತೂ ದೂರುವುದಿಲ್ಲ.

ಈ ಆ್ಯಪುಗಳು ಮಕ್ಕಳನ್ನು ಹೇಗೆ ನೋಡಿಕೊಂಡವು? ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಆನ್‌ಲೈನ್ ಕಲಿಕಾ ಸಾಧನಗಳನ್ನು ಜಾಲಾಡಿತು. ಅವುಗಳಲ್ಲಿ ನೂರಕ್ಕೆ 89 ಸಾಧನಗಳು ಮಕ್ಕಳ ಖಾಸಗಿತನಕ್ಕೆ ಕೈಹಾಕುವಂಥವು. ಪಟ್ಟಿಯಲ್ಲಿ ನಮ್ಮ ದೀಕ್ಷಾ ಕೂಡ ಇತ್ತು. ಅದರಲ್ಲಿದ್ದ ಶಿಕ್ಷಕರ, ಮಕ್ಕಳ ವಿವರಗಳು ಕಾವಲಿಲ್ಲದೆ ಬಯಲಿಗೆ ಬಿದ್ದಿದ್ದವು ಎಂಬ ಸುದ್ದಿ 2023ರಲ್ಲಿ ಬಂತು. ಯಾರ ತಲೆದಂಡವಾಯಿತು? ಅದು ಸಾಲದೆಂದು 2025ರಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ಯೋಜನೆಯನ್ನು ರಾಜ್ಯ ಸರ್ಕಾರ ಮುಂದಿಟ್ಟಿತು. ಮೇಷ್ಟ್ರು ಕಣ್ಣಾರೆ ಕಂಡು ‘ಬಂದಿದ್ದಾಳೆ’ ಎಂದರೆ ನಂಬುವುದಿಲ್ಲ, ಕ್ಯಾಮೆರಾ ಹೇಳಿದರೆ ನಂಬುತ್ತೀರಿ!

ಇನ್ನು ನಮ್ಮವರದೇ ಒಂದು ರೋಗ, ರೀಲ್ಸ್. ತರಗತಿಯಲ್ಲಿ ಮಕ್ಕಳನ್ನು ಕುಣಿಸಿ, ಹರಿದ ಅಂಗಿಯ ಹುಡುಗನನ್ನು ಮುಂದೆ ನಿಲ್ಲಿಸಿ, ಇನ್‌ಸ್ಟಾಗ್ರಾಮಿಗೆ ಹಾಕಿ ಲೈಕು ಎಣಿಸುವ ಗುರುಗಳಿದ್ದಾರೆ. ದಾನಿ ಒಂದು ಬ್ಯಾಗು ಕೊಟ್ಟರೆ ಹತ್ತು ಫೋಟೊ. ಲಕ್ಷ ಶುಲ್ಕದ ಶಾಲೆಯಲ್ಲಿ ಪಾಲಕರ ಸಹಿಯಿಲ್ಲದೆ ಹೀಗೆ ಮಾಡಿ ನೋಡೋಣ. ಕೂಲಿಯವನ ಮಗುವಿನ ಮುಖ ಮಾತ್ರ ಊರಾಚೆಯ ಗೋಮಾಳ, ಯಾರು ಬೇಕಾದರೂ ಮೇಯಿಸಬಹುದು!

ನಾನು ಯಂತ್ರದ ವಿರೋಧಿಯಲ್ಲ. 2013ರಿಂದ ರಾಜ್ಯದ ಶಿಕ್ಷಕ ತರಬೇತಿ ಸಂಸ್ಥೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ನಮ್ಮ ಪ್ರೌಢಶಾಲಾ ಶಿಕ್ಷಕರೇ ಕೋಯರ್ ಎಂಬ ಮುಕ್ತ ಸಂಪನ್ಮೂಲ ಕಟ್ಟಿದರು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಶೃಂಗವನ್ನು ಎಳೆದಾಡಿದರೂ ಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಕಂಡ ಹುಡುಗಿಗೆ ಆ ಪ್ರಮೇಯವನ್ನು ಬಾಯಿಪಾಠ ಮಾಡುವ ಗರಜಿಲ್ಲ. ಉಚಿತ ತಂತ್ರಾಂಶ, ಬಿಡಿಗಾಸಿನ ಖರ್ಚಿಲ್ಲ. ಯಾವುದನ್ನು, ಯಾವಾಗ, ಎಷ್ಟು ಬಳಸಬೇಕೆಂದು ಅಲ್ಲಿ ತೀರ್ಮಾನಿಸಿದವರು ಪಾಠ ಮಾಡುವವರು. ಇಲಾಖೆಗೆ ಇದು ರುಚಿಸುವುದಿಲ್ಲ. ಯೋಚಿಸುವ ಮೇಷ್ಟ್ರಿಗಿಂತ ಮಾಹಿತಿ ತುಂಬುವ ಗುಮಾಸ್ತನೇ ಅದಕ್ಕೆ ಅನುಕೂಲ.

ಆದ್ದರಿಂದ ಕೇಳುತ್ತಿದ್ದೇವೆ, ಬೇಡುತ್ತಿಲ್ಲ. ಕಂಪ್ಯೂಟರ್ ಕೋಣೆಯ ಬೀಗ ತೆಗೆಯಿರಿ, ಕೆಟ್ಟ ಯಂತ್ರದ ರಿಪೇರಿಗೆ, ಕರೆಂಟಿಗೆ, ಇಂಟರ್ನೆಟ್ಟಿಗೆ ಶಾಲೆಯ ಕೈಗೇ ದುಡ್ಡು ಕೊಡಿ. ಊಟದ ಲೆಕ್ಕ ಬರೆಯಲು ಬೇರೆ ನೌಕರರನ್ನು ನೇಮಿಸಿ. ಮಕ್ಕಳ ಮುಖ ಕೇಳಬೇಡಿ. ಪಾಠದ ಹೊತ್ತಿನಲ್ಲಿ ‘ಅತಿ ತುರ್ತು’ ಎಂದು ಗುಂಪಿಗೆ ಸಂದೇಶ ಹಾಕುವ ಅಧಿಕಾರಿಗೆ ಕಾರಣ ಕೇಳಿ ನೋಟಿಸು ಕೊಡಿ. ಉತ್ತರಿಸಲು ತಡಮಾಡಿದ ಮೇಷ್ಟ್ರಿಗೆ ಕೊಡುತ್ತೀರಲ್ಲ, ಅದೇ ನೋಟಿಸು.