ಕಾಗದದ ಮೇಲಿನ ಚಿನ್ನ

ಚಿನ್ನದ ಬೆಲೆ ಏರಿದಾಗಲೆಲ್ಲ ಒಂದು ಬಗೆಯ ಸುದ್ದಿ ಪೇಟೆಯಲ್ಲಿ ಹರಡುತ್ತದೆ. ಎಲ್ಲಿಯೋ ಒಂದು ಕಾಡಿನಲ್ಲಿ ಚಿನ್ನದ ನಿಕ್ಷೇಪ ಸಿಕ್ಕಿದೆಯಂತೆ. ಕಂಪನಿ ಹೊಸದು, ಷೇರು ಇನ್ನೂ ಅಗ್ಗ. ಈಗ ಕೊಂಡವನೇ ಜಾಣ. ಈ ಮಾತು ಹೇಳುವವನು ಸಾಮಾನ್ಯವಾಗಿ ಗಣಿಯನ್ನು ಕಣ್ಣಿಂದ ಕಂಡವನಲ್ಲ. ಕೇಳುವವನು ಅಂಗಡಿಯ ಗಲ್ಲದಲ್ಲಿ ನಾಲ್ಕು ಕಾಸು ಉಳಿಸಿದ ವ್ಯಾಪಾರಿ, ಇಲ್ಲವೆ ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದ ಗಿರಣಿ ಕೆಲಸಗಾರ. ಆದ್ದರಿಂದ ಈ ವಿಷಯವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ತಿಳಿಯಬೇಕಾದ ಮಾತೆಂದರೆ, ಗಣಿ ಬೇರೆ, ಗಣಿಯ ಹುಡುಕಾಟ ಬೇರೆ. ಗಣಿಯಲ್ಲಿ ಅದುರು ಮೇಲೆ ಬರುತ್ತದೆ, ಚಿನ್ನ ಕರಗಿ ಗಟ್ಟಿಯಾಗುತ್ತದೆ, ಕೂಲಿ ಬಟವಾಡೆಯಾಗುತ್ತದೆ. ಹುಡುಕಾಟದ ಮೊದಲ ಹಂತದಲ್ಲಿ ಇವಾವುವೂ ಇಲ್ಲ. ಅಲ್ಲಿರುವುದು ಒಂದು ನಕ್ಷೆ, ಕೆಲವು ಕಲ್ಲಿನ ತುಂಡುಗಳು ಮತ್ತು ಒಂದು ಆಸೆ. ಮಾರಾಟಕ್ಕೆ ಬರುವುದು ಆ ಆಸೆಯೇ.

ಆಸೆಗೆ ಆಧಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಚಿನ್ನ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನಮ್ಮ ಕೋಲಾರ, ಹಟ್ಟಿ, ಗದಗಿನ ನೆಲದಲ್ಲಿ ಕೋಟಿಗಟ್ಟಲೆ ವರ್ಷಗಳ ಹಿಂದೆ ಭೂಮಿಯ ಆಳದ ಬಿಸಿನೀರು ಕಪ್ಪು ಶಿಲೆಯ ಬಿರುಕುಗಳಲ್ಲಿ ಹರಿದು, ಬೆಣಚುಕಲ್ಲಿನ ಸಿರಗಳನ್ನು ಕಟ್ಟಿತು; ಆ ಸಿರಗಳಲ್ಲಿ ಚಿನ್ನ ನಿಂತಿತು. ಭೂವಿಜ್ಞಾನಿ ಇಂಥ ಶಿಲೆಯನ್ನು ಗುರುತಿಸಿ, ಇಲ್ಲಿ ಇರಬಹುದು ಎನ್ನುತ್ತಾನೆ. ‘ಇರಬಹುದು’ ಎಂಬುದನ್ನು ದಲ್ಲಾಳಿ ‘ಇದೆ’ ಎಂದು ಮಾಡುತ್ತಾನೆ. ಎಲ್ಲ ಅನರ್ಥವೂ ಈ ಎರಡು ಪದಗಳ ನಡುವೆ ಇದೆ.

ಇದೆಯೋ ಇಲ್ಲವೋ ಎಂದು ತಿಳಿಯುವ ಬಗೆ ನಮ್ಮ ಮಂಡಿ ವರ್ತಕರಿಗೆ ಹೊಸದಲ್ಲ. ಗೋಣಿಚೀಲಕ್ಕೆ ಕೊಳವೆ ಚುಚ್ಚಿ, ಒಳಗಿನ ಕಾಳು ತೆಗೆದು ನೋಡುವಂತೆಯೇ, ನೆಲಕ್ಕೆ ಯಂತ್ರದಿಂದ ಕೊರೆದು ಉದ್ದನೆಯ ಕಲ್ಲಿನ ಕಂಬಿಯನ್ನು ಮೇಲೆತ್ತುತ್ತಾರೆ. ಅದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪುಡಿಮಾಡಿ ಪರೀಕ್ಷೆಗೆ ಕಳಿಸಿ, ಇನ್ನರ್ಧವನ್ನು ಪೆಟ್ಟಿಗೆಯಲ್ಲಿ ಕಾದಿಡುವುದು ವಾಡಿಕೆ. ಯಾರಿಗೆ ಸಂಶಯ ಬಂದರೂ ಮತ್ತೆ ಪರೀಕ್ಷಿಸಬಹುದು. ಆದರೆ ಅಕ್ಕಿಯ ಚೀಲಕ್ಕೂ ಚಿನ್ನದ ನೆಲಕ್ಕೂ ಒಂದು ಭೇದವುಂಟು. ಚೀಲದಲ್ಲಿ ಕಾಳು ಸಮನಾಗಿ ತುಂಬಿರುತ್ತದೆ. ನೆಲದಲ್ಲಿ ಚಿನ್ನ ಹಾಗೆ ಹರಡಿರುವುದಿಲ್ಲ. ಟನ್ನಿಗೆ ಮೂರು ಗ್ರಾಂ ಎಂದರೆ ಹತ್ತು ಕ್ವಿಂಟಾಲ್ ಕಲ್ಲಿನಲ್ಲಿ ಒಂದು ಸಣ್ಣ ಉಂಗುರದಷ್ಟು ಚಿನ್ನ. ಒಂದು ತೂತಿನಲ್ಲಿ ಕಣ್ಣು ಕುಕ್ಕುವ ಲೆಕ್ಕ ಬಂದು, ಹತ್ತು ಮಾರು ಆಚೆಗೆ ಬರೀ ಕಲ್ಲು ಬರುವುದುಂಟು.

ಈ ಜೂಜಿನ ರುಚಿಯನ್ನು ನಮ್ಮ ನಾಡಿನ ನೆರೆಯಲ್ಲೇ ಜನ ಕಂಡಿದ್ದಾರೆ. 1879 ರಿಂದ 1881ರ ಸುಮಾರಿಗೆ ವಯನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ, ಲಕ್ಷಾಂತರ ಪೌಂಡು ಕೂಡಿಸಿ, ಹೆಚ್ಚಿನವು ಏನೂ ತೆಗೆಯದೆ ಮುಳುಗಿದವು. ಅದೇ ಕಾಲದಲ್ಲಿ ಕೋಲಾರಕ್ಕೆ ಬಂದ ಮೈಸೂರು ಗಣಿ ಕಂಪನಿಯ ಹಣವೂ ಬಹುಪಾಲು ಕರಗಿದ ಮೇಲೆಯೇ ಚಾಂಪಿಯನ್ ಸಿರ ಸಿಕ್ಕಿದ್ದು. ಗೆದ್ದ ಒಂದು ಕೋಲಾರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸೋತ ಹತ್ತಾರು ಕಂಪನಿಗಳ ಹೆಸರು ಯಾರಿಗೂ ನೆನಪಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪ್ರಾಮಾಣಿಕ ನಷ್ಟದ ಮಾತು. ಮೋಸ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇಂಡೋನೇಷ್ಯದ ಬುಸಾಂಗ್ ಸಾಕ್ಷಿ. ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂಟನ್ ಪ್ರಾಂತದ ಈ ಕಾಡಿನ ಜಾಗವನ್ನು 1993 ರಲ್ಲಿ ಕೆನಡಾದ ಬ್ರೆ-ಎಕ್ಸ್ ಎಂಬ ಸಣ್ಣ ಕಂಪನಿ ಕೊಂಡಿತು. ಅದೇ ಪ್ರಾಂತದ ಕೆಲಿಯಾನಿನಲ್ಲಿ 1992 ರಲ್ಲಿ ನಿಜವಾದ ಚಿನ್ನದ ಗಣಿ ಆರಂಭವಾಗಿತ್ತು. ಹಳೆಯ ಜ್ವಾಲಾಮುಖಿಗಳ ನೆಲ ಅದು. ಆದ್ದರಿಂದ ಕಥೆ ನಂಬುವಂತೆ ಇತ್ತು. ಕಂಪನಿಯ ಲೆಕ್ಕ ವರ್ಷದಿಂದ ವರ್ಷಕ್ಕೆ ಬೆಳೆದು, 1997ರ ಆರಂಭಕ್ಕೆ 7 ಕೋಟಿ ಔನ್ಸ್ ಮುಟ್ಟಿತು. ಎಂದರೆ 2,000 ಟನ್ನಿಗೂ ಮಿಕ್ಕಿದ ಚಿನ್ನ! ನಮ್ಮ ಕೋಲಾರದ ಗಣಿಗಳು ಸುಮಾರು 120 ವರ್ಷ ಸಾವಿರಾರು ಕೆಲಸಗಾರರ ಉಸಿರು ಹೀರಿ ಕೊಟ್ಟದ್ದು ಒಟ್ಟು 800 ಟನ್ನಿನಷ್ಟು. ಒಂದು ಗ್ರಾಂ ಚಿನ್ನವನ್ನೂ ಮಾರದ ಆ ಕಂಪನಿಯ ಬೆಲೆ ಷೇರುಪೇಟೆಯಲ್ಲಿ 600 ಕೋಟಿ ಕೆನಡಾ ಡಾಲರಿಗೆ ಏರಿತು. ಕೆಲವೇ ಸೆಂಟುಗಳಿಗೆ ಸಿಗುತ್ತಿದ್ದ ಷೇರು 280 ಡಾಲರು ದಾಟಿತು.

ಅಲ್ಲಿ ಕಲ್ಲಿನ ಕಂಬಿಯನ್ನು ಸೀಳಿ ಅರ್ಧ ಉಳಿಸುವ ವಾಡಿಕೆಯನ್ನು ಬಿಟ್ಟಿದ್ದರು. ಬಹುಮಟ್ಟಿಗೆ ಇಡಿಯಾಗಿಯೇ ಪುಡಿಮಾಡುತ್ತಿದ್ದರು. ಮರುಪರೀಕ್ಷೆಗೆ ದಾರಿಯೇ ಇಲ್ಲದಂತಾಯಿತು. 1997ರ ಜನವರಿಯಲ್ಲಿ ದಾಖಲೆಗಳಿಗೆ ಬೆಂಕಿ ಬಿತ್ತು. ಮಾರ್ಚಿ 19 ರಂದು ಕಂಪನಿಯ ಭೂವಿಜ್ಞಾನಿ ಮೈಕೆಲ್ ಡಿ ಗುಜ್ಮನ್ ಹೆಲಿಕಾಪ್ಟರಿನಿಂದ ಬಿದ್ದು ಸತ್ತರು. ಅದೇ ತಿಂಗಳು 26 ರಂದು, ಪಾಲುದಾರನಾಗಲು ಬಂದಿದ್ದ ಫ್ರೀಪೋರ್ಟ್ ಕಂಪನಿ ತಾನೇ ಕೊರೆಸಿ ನೋಡಿದಾಗ ಲೆಕ್ಕಕ್ಕೆ ಬರುವಷ್ಟು ಚಿನ್ನ ಸಿಗಲಿಲ್ಲವೆಂದು ಹೊರಬಿತ್ತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಎಂಬ ಸ್ವತಂತ್ರ ಪರೀಕ್ಷಕ ಸಂಸ್ಥೆ ಖಚಿತಪಡಿಸಿತು: ಕಲ್ಲಿನ ಪುಡಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ನಮ್ಮ ಜಾಲಗಾರರನ್ನು ಕೇಳಿದ್ದರೂ ಗುಟ್ಟು ಹೇಳುತ್ತಿದ್ದರು. ಹೊಳೆಯ ಚಿನ್ನ ಉರುಳಿ ಉರುಳಿ ಅಂಚು ಸವೆದು ದುಂಡಗಿರುತ್ತದೆ, ಬಂಡೆಯೊಳಗಿನದು ಹಾಗಿರುವುದಿಲ್ಲ. ಬುಸಾಂಗಿನ ಪುಡಿಯಲ್ಲಿದ್ದದ್ದು ದುಂಡಗಿನ ಹೊಳೆಯ ಚಿನ್ನ.

ನಷ್ಟ ಯಾರದಾಯಿತು? ಆಲ್ಬರ್ಟಾದ ಸೇಂಟ್ ಪಾಲ್‌ನಂಥ ಸಣ್ಣ ಪಟ್ಟಣದಲ್ಲಿಯೂ ಜನ ಈ ಷೇರು ಕೊಂಡಿದ್ದರು. ಆಂಟೇರಿಯೊ ಪ್ರಾಂತದ ಶಿಕ್ಷಕರ ಪಿಂಚಣಿ ನಿಧಿ ಸುಮಾರು 10 ಕೋಟಿ ಡಾಲರು ಕಳೆದುಕೊಂಡಿತು. ಪೌರ ನೌಕರರ ನಿಧಿಯೂ ಕೋಟಿಗಟ್ಟಲೆ ಕಳೆದುಕೊಂಡಿತು. ಷೇರು ಕೊಳ್ಳಿರೆಂದು ಆ ಶಿಕ್ಷಕರನ್ನಾಗಲಿ, ಬೀದಿ ಗುಡಿಸುವವರನ್ನಾಗಲಿ ಯಾರೂ ಕೇಳಿರಲಿಲ್ಲ. ಅವರ ಮುಪ್ಪಿನ ಗಂಜಿ, ಕೇಳದೆಯೇ ಕಾಡುಪಾಲಾಯಿತು. ಶಿಕ್ಷೆ ಯಾರಿಗಾಯಿತು? ಯಾರಿಗೂ ಇಲ್ಲ. ಕಂಪನಿಯ ಮುಖ್ಯಸ್ಥ ಡೇವಿಡ್ ವಾಲ್ಶ್ 1998 ರಲ್ಲಿ ತೀರಿಕೊಂಡರು. ಮುಖ್ಯ ಭೂವಿಜ್ಞಾನಿ ಜಾನ್ ಫೆಲ್ಡರ್‌ಹಾಫ್ ಕೋಟಿಗಟ್ಟಲೆ ಡಾಲರಿನ ಷೇರು ಮಾರಿದ್ದರು. 2007 ರಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಇಷ್ಟಾದ ಮೇಲೆ 2001 ರಲ್ಲಿ ಕೆನಡಾ ಕಟ್ಟುನಿಟ್ಟಿನ ನಿಯಮ ತಂದಿತು: ನಿಕ್ಷೇಪದ ಲೆಕ್ಕಕ್ಕೆ ಅರ್ಹ ತಜ್ಞನೊಬ್ಬ ಹೆಸರು ಹಾಕಿ ಹೊಣೆ ಹೊರಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ಧೈರ್ಯದ ಬಂಡವಾಳವಿಲ್ಲದೆ ಗಣಿ ಹುಟ್ಟುವುದಿಲ್ಲ, ಹತ್ತರಲ್ಲಿ ಒಂಬತ್ತು ಸೋತರೂ ಯಾರಾದರೂ ಹುಡುಕಲೇಬೇಕು ಎಂದು ಕೆಲವರು ವಾದಿಸುತ್ತಾರೆ. ಹುಡುಕಬೇಕೆಂಬುದು ಸರಿ. ಆದರೆ ಅದರ ಅಪಾಯವನ್ನು ಹೊರುವ ಶಕ್ತಿ ಇರುವುದು ಇಡೀ ಸಮಾಜಕ್ಕೆ. ಬಿಡಿ ಅಂಗಡಿಯ ಗಲ್ಲಕ್ಕಲ್ಲ. ಹತ್ತು ತೂತು ಬರಿದಾದರೂ ಸರ್ಕಾರದ ಭೂವಿಜ್ಞಾನ ಇಲಾಖೆ ದಿವಾಳಿಯಾಗುವುದಿಲ್ಲ; ಅಲ್ಲಿ ಏನೂ ಇಲ್ಲ ಎಂಬ ತಿಳಿವಳಿಕೆಯಾದರೂ ನಾಡಿಗೆ ಉಳಿಯುತ್ತದೆ. ರಾಜ್ಯ ಸರ್ಕಾರದ ಒಡೆತನದ ಹಟ್ಟಿ ಗಣಿ ಇಂದಿಗೂ ಚಿನ್ನ ತೆಗೆಯುತ್ತಿದೆ. ಸರ್ಕಾರದ ಕೈಗೆ ಬಂದದ್ದೆಲ್ಲ ಸರಿ ಎಂದು ನಾವು ಹೇಳುವುದಿಲ್ಲ. ಕೋಲಾರದ ಗಣಿ 2001 ರಲ್ಲಿ ಮುಚ್ಚಿದ್ದು ಸರ್ಕಾರದ ಕೈಯಲ್ಲೇ. ಕೆಲಸಗಾರರು ಬೀದಿಗೆ ಬಿದ್ದರು. ಆದರೂ ಅಲ್ಲಿ ಲೆಕ್ಕ ಕೇಳುವ ಹಕ್ಕು ನಮಗಿತ್ತು. ಬುಸಾಂಗಿನಲ್ಲಿ ಯಾರಿಗೂ ಇರಲಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಮೂರು. ಕಾರ್ಮಿಕರ ಪಿಂಚಣಿ ಮತ್ತು ಪ್ರಾವಿಡೆಂಟ್ ಫಂಡಿನ ಒಂದು ಪೈಸೆಯೂ ಇಂಥ ಹುಡುಕಾಟದ ಷೇರುಗಳಿಗೆ ಹೋಗಕೂಡದು. ಕೊರೆದು ತೆಗೆದ ಕಲ್ಲಿನ ಅರ್ಧ ಭಾಗ ಸರ್ಕಾರದ ಉಗ್ರಾಣದಲ್ಲಿ, ಯಾರು ಬೇಕಾದರೂ ಪರೀಕ್ಷಿಸುವಂತೆ ಇರಬೇಕು. ಮೊದಲ ಹಂತದ ಶೋಧನೆ ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕರ ಕಣ್ಣೆದುರಿಗೆ ನಡೆಯಬೇಕು.

ಅಲ್ಲಿಯವರೆಗೆ, ಯಾರಾದರೂ ಚಿನ್ನದ ನೆಲದ ಷೇರು ಹಿಡಿದು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ತೂತು ಕೊರೆದಿದ್ದೀರಿ? ಪರೀಕ್ಷೆ ಮಾಡಿದವರು ಯಾರು? ಉಳಿದ ಅರ್ಧ ಕಲ್ಲು ಎಲ್ಲಿದೆ? ಈ ಷೇರು ಇಷ್ಟು ಒಳ್ಳೆಯದಾದರೆ ನೀವೇಕೆ ಮಾರುತ್ತಿದ್ದೀರಿ? ಒಂದು ಸವರನ್ನು ಕೊಳ್ಳುವಾಗಲೂ ಒರೆಗಲ್ಲಿಗೆ ತಿಕ್ಕಿಸಿ ನೋಡುವ ನಾವು, ಕಾಗದದ ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳುವುದುಂಟೆ?